ಹಳೆಯ ಎಂಜಿನ್ನಿನ ಸವೆತ

ಕನಕಪುರದಲ್ಲಿ ನಾವು ವಾಸಿಸುವ ಮನೆಯ ಹಿತ್ತಿಲಿನಲ್ಲಿ ಒಂದು ಹಳೆಯ ಹುಳುಮನೆಯುಂಟು. ಹಿಂದೆ ಅಲ್ಲಿ ರೇಷ್ಮೆಹುಳು ಸಾಕುತ್ತಿದ್ದರು. ಈಗ ತಟ್ಟೆಗಳಿದ್ದೆಡೆಯಲ್ಲಿ ಒಂದು ಮರದ ಮೇಜು, ಅದರ ತುದಿಗೆ ಕಚ್ಚಿಸಿದ ವೈಸು, ಗೋಡೆಯುದ್ದಕ್ಕೂ ಹಲಗೆಗಳ ಮೇಲೆ ಹಳೆಯ ವಾಹನಗಳ ಎಂಜಿನ್ನುಗಳು. ಚಂದ್ರಿಕೆಗಳನ್ನು ಕಟ್ಟಲೆಂದು ಗೋಡೆಗೆ ಹೊಡೆದಿದ್ದ ಮೊಳೆಗಳಲ್ಲಿ ಸ್ಪ್ಯಾನರುಗಳೂ ಸರಪಣಿಗಳೂ ತೂಗಾಡುತ್ತಿವೆ. ಹಳೆಯ ಕಾಲದ್ದೆಂದು ಉಳಿದಿರುವುದು ಒಂದೇ ವಸ್ತು: ಗೋಡೆಯ ಮೇಲಿನ ಆರ್ದ್ರ-ಶುಷ್ಕ ಉಷ್ಣಮಾಪಕ. ಹುಳುವಿನ ಕೋಣೆಯ ಗಾಳಿಯಲ್ಲಿ ಎಷ್ಟು ತೇವವಿದೆಯೆಂದು ತಿಳಿಯಲು ಅದನ್ನು ತೂಗುಹಾಕಿದ್ದರು. ನಾವೂ ಅದನ್ನು ದಿನವೂ ನೋಡುತ್ತೇವೆ, ಆದರೆ ಉದ್ದೇಶ ಮಾತ್ರ ತಿರುಗುಮುರುಗಾಗಿದೆ. ಎಳೆಯ ಹುಳುವಿಗೆ ಶೇಕಡ 80ರಷ್ಟು ಆರ್ದ್ರತೆ ಹಿತ. ಕಬ್ಬಿಣಕ್ಕಾದರೋ ಶೇಕಡ 60ನ್ನು ದಾಟಿದರೆ ತುಕ್ಕಿನ ವೇಗ ಹೆಚ್ಚುತ್ತದೆ. ತೇವವನ್ನು ಹಿಡಿದಿಡಲೆಂದೇ ಕಟ್ಟಿದ ಕೋಣೆಯಲ್ಲಿ ಎಂಜಿನ್ನುಗಳನ್ನು ಕೂಡಿಟ್ಟ ನಮ್ಮ ಬುದ್ಧಿವಂತಿಕೆಯನ್ನು ವಾಚಕರು ಕ್ಷಮಿಸಬೇಕು. ಈಗ ಗೋಡೆಯ ಮೇಲ್ಭಾಗದಲ್ಲಿ ಎರಡು ಕಿಂಡಿಗಳನ್ನು ತೆರೆಸಿದ್ದೇವೆ.

ಈ ಕೋಣೆಗೆ ಒಂದು ದಿನ ಸಮೀಪದ ಹಳ್ಳಿಯ ರೈತರೊಬ್ಬರು ಎತ್ತಿನ ಗಾಡಿಯಲ್ಲಿ ಒಂದು ಜಾವಾ ಮೋಟಾರು ಸೈಕಲನ್ನು ಹೇರಿಕೊಂಡು ಬಂದರು. ಅವರ ತಂದೆ 1968ರಲ್ಲಿ ಕೊಂಡ ವಾಹನವದು. ಗೂಡಿನ ಮೂಟೆಗಳನ್ನು ಹಿಂದೆ ಕಟ್ಟಿಕೊಂಡು ರಾಮನಗರದ ಮಾರುಕಟ್ಟೆಗೆ ಅದರಲ್ಲೇ ಹೋಗಿಬರುತ್ತಿದ್ದರಂತೆ. 1991ರಲ್ಲಿ ಒಂದು ಮಳೆಗಾಲದ ಸಂಜೆ ಮನೆಗೆ ಬಂದು ನಿಲ್ಲಿಸಿದ್ದೇ ಕೊನೆ. ತಂದೆ ಕಾಯಿಲೆ ಬಿದ್ದರು, ವಾಹನ ಕೊಟ್ಟಿಗೆ ಸೇರಿತು. “ಮೇಷ್ಟ್ರೇ, ನಮ್ಮವ್ವ ಇರೋಹೊತ್ಗೆ ಇದೊಂದು ಸಲ ಓಡಿದ್ರೆ ಸಾಕು” ಎಂದರು. ಕಿಕ್ಕಿನ ಸನ್ನೆಯ ಮೇಲೆ ನಾವು ಪೂರ್ತಿ ಭಾರ ಹಾಕಿ ನಿಂತೆವು. ಅದು ಕೂದಲೆಳೆಯಷ್ಟೂ ಕದಲಲಿಲ್ಲ.

ಜಾವಾದ ಹೆಸರು ನಮ್ಮ ನಾಡಿನವರಿಗೆ ಹೊಸದಲ್ಲ. ಚೆಕೊಸ್ಲೊವಾಕಿಯದ ಫ್ರಾಂಟಿಷೆಕ್ ಯಾನೆಚೆಕ್ ಎಂಬ ಯಂತ್ರಶಿಲ್ಪಿ 1929ರಲ್ಲಿ ಜರ್ಮನಿಯ ವಾಂಡರರ್ ಕಂಪನಿಯಿಂದ ಮೋಟಾರು ಸೈಕಲಿನ ಹಕ್ಕನ್ನು ಕೊಂಡು, ತನ್ನ ಹೆಸರಿನ ಮೊದಲ ಎರಡಕ್ಷರಗಳಿಗೆ ವಾಂಡರರಿನ ಮೊದಲ ಎರಡಕ್ಷರಗಳನ್ನು ಸೇರಿಸಿ ಇಟ್ಟ ಹೆಸರದು. 1961ರಲ್ಲಿ ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಈ ವಾಹನಗಳ ತಯಾರಿಕೆ ಆರಂಭವಾಯಿತು. 1973ರ ತರುವಾಯ ಅವು ಯೆಜ್ಡಿ ಎಂಬ ಹೆಸರಿನಿಂದ ಹೊರಬಂದುವು; 1996ರಲ್ಲಿ ಕಾರ್ಖಾನೆ ಮುಚ್ಚಿತು. ಜಾವಾ ಎಂಬ ಹೆಸರು 2018ರಲ್ಲಿ ಮತ್ತೆ ಪೇಟೆಗೆ ಬಂದಿದೆಯಾದರೂ ಅದು ಬೇರೆಯ ಎಂಜಿನ್ನು, ನಾಲ್ಕು ಹೊಡೆತದ್ದು. ಆದುದರಿಂದ ಯಾದವಗಿರಿಯಲ್ಲಿ ಎರಕಗೊಂಡು ಕೊರೆಯಲ್ಪಟ್ಟ ಸಿಲಿಂಡರುಗಳು ಎಷ್ಟು ಉಳಿದಿವೆಯೋ ಅಷ್ಟೇ. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು; ಮುಂದೆ ನಮ್ಮ ತೀರ್ಮಾನವೆಲ್ಲ ಇದರ ಮೇಲೆಯೇ ನಿಂತಿದೆ.

ಇದು ಎರಡು ಹೊಡೆತದ ಎಂಜಿನ್ನು. ಸಿಲಿಂಡರಿನ ಒಳವ್ಯಾಸ 65 ಮಿಲಿಮೀಟರು. ಪಿಸ್ಟನ್ನು ಮೇಲಿನಿಂದ ಕೆಳಕ್ಕೆ ಸಾಗುವ ದೂರ 75 ಮಿಲಿಮೀಟರು. ಗುಣಿಸಿ ನೋಡಿದರೆ ಪಿಸ್ಟನ್ನು ಒಂದು ಸಲಕ್ಕೆ ಗುಡಿಸುವ ಗಾತ್ರ ಸುಮಾರು 249 ಘನ ಸೆಂಟಿಮೀಟರು. ನಾಲ್ಕು ಹೊಡೆತದ ಎಂಜಿನ್ನಿನಲ್ಲಿ ಅನಿಲವನ್ನು ಒಳಬಿಡಲು, ಹೊರಬಿಡಲು ಪ್ರತ್ಯೇಕ ಕವಾಟಗಳಿರುತ್ತವೆ. ಇಲ್ಲಿ ಅವಿಲ್ಲ. ಸಿಲಿಂಡರಿನ ಗೋಡೆಯಲ್ಲೇ ರಂಧ್ರಗಳನ್ನು ಕೊರೆದಿದೆ; ಮೇಲೆ ಕೆಳಗೆ ಓಡಾಡುವ ಪಿಸ್ಟನ್ನೇ ಅವುಗಳಿಗೆ ಬಾಗಿಲು. ಪಿಸ್ಟನ್ನು ಮೇಲೇರುವಾಗ ಅದರ ನೆತ್ತಿಯ ಮೇಲಿನ ಅನಿಲ ಒತ್ತಲ್ಪಡುತ್ತದೆ. ಅದೇ ವೇಳೆ ಅದರ ಕೆಳಗಿನ ಕ್ರ್ಯಾಂಕು ಕೋಣೆಯಲ್ಲಿ ಒತ್ತಡ ಇಳಿದು, ಕಾರ್ಬ್ಯುರೇಟರಿನಿಂದ ಪೆಟ್ರೋಲು ಬೆರೆತ ಗಾಳಿ ಒಳನುಗ್ಗುತ್ತದೆ. ಕಿಡಿ ಹಾರಿ ಪಿಸ್ಟನ್ನು ಕೆಳಗಿಳಿಯುವಾಗ ಮೊದಲು ಹೊರದಾರಿ ತೆರೆಯುತ್ತದೆ, ಹೊಗೆ ಹೋಗುತ್ತದೆ. ಮರುಕ್ಷಣ ಪಕ್ಕದ ದಾರಿಗಳು ತೆರೆದು ಕೆಳಗೆ ಒತ್ತಿಟ್ಟಿದ್ದ ಹೊಸ ಮಿಶ್ರಣ ಮೇಲೇರುತ್ತದೆ. ಕ್ರ್ಯಾಂಕು ಕೋಣೆಯನ್ನೇ ಪಂಪಾಗಿ ಬಳಸುವ ಈ ಉಪಾಯವನ್ನು ಇಂಗ್ಲೆಂಡಿನ ಬಾತ್ ನಗರದ ಜೋಸೆಫ್ ಡೇ 1889ರ ಸುಮಾರಿಗೆ ಕಂಡುಹಿಡಿದನು. ಎಂಜಿನ್ನಿನಲ್ಲಿ ಚಲಿಸುವ ಮುಖ್ಯ ಭಾಗಗಳು ಮೂರೇ: ಪಿಸ್ಟನ್ನು, ಅದರ ದಂಡ, ಕ್ರ್ಯಾಂಕು. ಹಳ್ಳಿಯ ಮರದಡಿಯಲ್ಲಿ ಬಿಚ್ಚಿ ಕಟ್ಟಲು ಇದಕ್ಕಿಂತ ಸರಳವಾದ ಎಂಜಿನ್ನು ಸಿಗುವುದು ಕಷ್ಟ.

ಆದರೆ ಸರಳವಾದುದಕ್ಕೂ ತುಕ್ಕು ಹಿಡಿಯುತ್ತದೆ. ಒಂದು ಲೀಟರು ಪೆಟ್ರೋಲು ಪೂರ್ತಿಯಾಗಿ ಉರಿದರೆ ಹೆಚ್ಚು ಕಡಿಮೆ ಒಂದು ಲೀಟರಿನಷ್ಟೇ ನೀರು ಹುಟ್ಟುತ್ತದೆಂದರೆ ಕೆಲವರಿಗೆ ಆಶ್ಚರ್ಯವಾದೀತು. ಪೆಟ್ರೋಲಿನಲ್ಲಿರುವ ಜಲಜನಕ ಗಾಳಿಯ ಆಮ್ಲಜನಕದೊಡನೆ ಕೂಡಿ ಆದ ನೀರದು. ಎಂಜಿನ್ನು ಬಿಸಿಯಿರುವ ತನಕ ಅದು ಆವಿಯಾಗಿ ಹೊರಟುಹೋಗುತ್ತದೆ. ನಿಲ್ಲಿಸಿದ ಕ್ಷಣದಲ್ಲಿ ಒಳಗುಳಿದದ್ದು ಅಲ್ಲೇ ತಣಿದು ಗೋಡೆಗೆ ಹತ್ತುತ್ತದೆ. ಇದು ಒಂದು ಸಲದ ಮಾತು. ಆಮೇಲೆ ವರ್ಷಗಟ್ಟಲೆ ನಡೆಯುವುದು ಬೇರೆ: ಚಳಿಗಾಲದ ರಾತ್ರಿಯಲ್ಲಿ ಕಬ್ಬಿಣದ ಮುದ್ದೆ ತಣ್ಣಗಾಗುತ್ತದೆ. ಬೆಳಗ್ಗೆ ಗಾಳಿ ಬೇಗ ಬಿಸಿಯಾದರೂ ಕಬ್ಬಿಣ ಹಿಂದುಳಿಯುತ್ತದೆ. ಬಿಸಿ ಗಾಳಿಯ ತೇವ ತಣ್ಣನೆಯ ಲೋಹದ ಮೇಲೆ ಇಬ್ಬನಿಯಾಗಿ ಕೂರುತ್ತದೆ. ಕೊಟ್ಟಿಗೆಯಲ್ಲಿ ದನಗಳ ಉಸಿರಿನ ತೇವವೂ ಸೇರುತ್ತದೆ. ಈ ಎಂಜಿನ್ನಿನ ಪಿಸ್ಟನ್ನು ನಿಂತದ್ದು ಹೊರದಾರಿ ಅರ್ಧ ತೆರೆದಿರುವ ಜಾಗದಲ್ಲಿ. ಎಂದರೆ ಸೈಲೆನ್ಸರಿನ ಬಾಯಿಯಿಂದ ಸಿಲಿಂಡರಿನವರೆಗೆ ಮೂವತ್ತು ವರ್ಷಕ್ಕೂ ಮಿಕ್ಕು ಬಾಗಿಲು ತೆರೆದೇ ಇತ್ತು.

ಹಿಡಿದುಕೊಂಡ ಪಿಸ್ಟನ್ನನ್ನು ಬಿಡಿಸುವುದು ಹೇಗೆ? ನಾವು ಕಲಿತದ್ದು ಕೆಡಿಸಿಯೇ. ಕೆಲವು ವರ್ಷಗಳ ಹಿಂದೆ ಇಂಥದೇ ಒಂದು ಎಂಜಿನ್ನನ್ನು ಗುಜರಿಯಲ್ಲಿ ಕೊಂಡು ತಂದು, ಪಿಸ್ಟನ್ನಿನ ನೆತ್ತಿಯ ಮೇಲೆ ಮರದ ತುಂಡಿಟ್ಟು ಸುತ್ತಿಗೆಯಿಂದ ಬಡಿದೆವು. ನಾಲ್ಕನೆಯ ಪೆಟ್ಟಿಗೆ ಪಿಸ್ಟನ್ನು ಸಡಿಲವಾಯಿತು. ಜತೆಯಲ್ಲೇ ಸಿಲಿಂಡರಿನ ಕೆಳ ಅಂಚು ಬಿಲ್ಲೆಯಾಗಿ ಒಡೆದು ಮೇಜಿನ ಮೇಲೆ ಬಿತ್ತು. ಬೀಡು ಕಬ್ಬಿಣ ಒತ್ತಿದರೆ ತಾಳುತ್ತದೆ, ಎಳೆದರೆ ಬಿರಿಯುತ್ತದೆ. ಸಿಲಿಂಡರಿನೊಳಗೆ ಬಿಗಿಯಾಗಿ ಕೂತ ಪಿಸ್ಟನ್ನನ್ನು ಬಡಿದಾಗ ಅದರ ಸುತ್ತಲಿನ ಗೋಡೆ ಅಗಲಕ್ಕೆ ಎಳೆಯಲ್ಪಡುತ್ತದೆಂಬುದನ್ನು ತರಗತಿಯಲ್ಲಿ ಪಾಠ ಹೇಳುವ ನಾವೇ ಮರೆತಿದ್ದೆವು. ಆ ಬಿಲ್ಲೆ ಇನ್ನೂ ಹಲಗೆಯ ಮೇಲಿದೆ.

ಈ ಸಲ ಸುತ್ತಿಗೆಯನ್ನು ಮೊಳೆಯಿಂದ ಇಳಿಸಲಿಲ್ಲ. ಪ್ಲಗ್ಗಿನ ರಂಧ್ರದಿಂದಲೂ ಹೊರದಾರಿಯಿಂದಲೂ ಡೀಸೆಲ್ಲು ಬೆರೆಸಿದ ತೆಳು ಎಣ್ಣೆಯನ್ನು ಬಿಟ್ಟು ಮೂರು ವಾರ ಕಾದೆವು. ಪಿಸ್ಟನ್ನಿಗೂ ಗೋಡೆಗೂ ನಡುವಿನ ಸಂದು ಸಣ್ಣದಾದಷ್ಟೂ ಕೇಶಾಕರ್ಷಣದಿಂದ ಎಣ್ಣೆ ಆಳಕ್ಕೆ ಹೋಗುತ್ತದೆ. ದೀಪದ ಬತ್ತಿಯಲ್ಲಿ ಎಣ್ಣೆ ಏರುವಂತೆಯೇ ಇದೂ. ಇದರ ಜತೆಗೆ ಶಾಖದ ಉಪಾಯವನ್ನೂ ಮಾಡಿದೆವು. ಇಲ್ಲಿ ಒಂದು ಸಂಗತಿಯನ್ನು ಕೂಲಂಕಷವಾಗಿ ನೋಡಬೇಕು. ಪಿಸ್ಟನ್ನು ಅಲ್ಯುಮಿನಿಯಂ ಮಿಶ್ರಲೋಹದ್ದು, ಸಿಲಿಂಡರು ಬೀಡು ಕಬ್ಬಿಣದ್ದು. ಉಷ್ಣತೆ ಒಂದು ಡಿಗ್ರಿ ಏರಿದರೆ ಅಲ್ಯುಮಿನಿಯಂ ತನ್ನ ಉದ್ದದ ಹತ್ತು ಲಕ್ಷದಲ್ಲಿ 23 ಭಾಗ ಹಿಗ್ಗುತ್ತದೆ, ಬೀಡು ಕಬ್ಬಿಣ 11 ಭಾಗ ಮಾತ್ರ. ಎರಡನ್ನೂ ಕೂಡಿಯೇ 100 ಡಿಗ್ರಿ ಕಾಯಿಸಿದರೆ 65 ಮಿಲಿಮೀಟರು ವ್ಯಾಸದ ಪಿಸ್ಟನ್ನು 0.15 ಮಿಲಿಮೀಟರು ಹಿಗ್ಗುತ್ತದೆ, ಸಿಲಿಂಡರು 0.07 ಮಿಲಿಮೀಟರು. ಎಂದರೆ ಎಂಜಿನ್ನನ್ನು ಒಟ್ಟಾಗಿ ಕಾಯಿಸಿದರೆ ಪಿಸ್ಟನ್ನು ಸಡಿಲವಾಗುವ ಬದಲು ಮತ್ತಷ್ಟು ಬಿಗಿಯಾಗುತ್ತದೆ! “ಬಿಸಿ ಮಾಡಿದರೆ ಬಿಡುತ್ತದೆ” ಎಂಬ ಮಾತು ಹೊರಗಿನದನ್ನು ಮಾತ್ರ, ಅದೂ ಬೇಗಬೇಗ ಬಿಸಿ ಮಾಡಿದಾಗ ನಿಜ. ಸಿಲಿಂಡರಿನ ರೆಕ್ಕೆಗಳ ಸುತ್ತ ಬಿಸಿ ಗಾಳಿಯನ್ನು ಒಂದೆರಡು ನಿಮಿಷ ಹಾಯಿಸಿದೆವು. ಕಬ್ಬಿಣ ಮೊದಲು ಹಿಗ್ಗಿತು. ಪಿಸ್ಟನ್ನಿಗೆ ಶಾಖ ಮುಟ್ಟುವ ಮುನ್ನ ಎಣ್ಣೆ ಇನ್ನೊಂದಿಷ್ಟು ಒಳಕ್ಕಿಳಿಯಿತು. ತಣಿದ ಮೇಲೆ ಮತ್ತೆ ಹಾಗೆಯೇ. ಪ್ರತಿ ಸಲವೂ ಎರಡು ಲೋಹಗಳು ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗಿ ಕುಗ್ಗುವುದರಿಂದ ನಡುವಿನ ತುಕ್ಕಿನ ಪದರ ಪುಡಿಯಾಗುತ್ತ ಹೋಗುತ್ತದೆ.

ಗ್ರೀಸಿನ ಪಂಪನ್ನು ಪ್ಲಗ್ಗಿನ ರಂಧ್ರಕ್ಕೆ ತಿರುಗಿಸಿ ಒತ್ತುವ ಕ್ರಮವೂ ಉಂಟು. ಪ್ಯಾಸ್ಕಲನ ನಿಯಮದಂತೆ ಪಿಸ್ಟನ್ನಿನ ಇಡೀ ನೆತ್ತಿಯ ಮೇಲೆ ಸಮನಾದ ಒತ್ತಡ ಬೀಳುತ್ತದೆ. ಪ್ರತಿ ಚದರ ಸೆಂಟಿಮೀಟರಿಗೆ 100 ಕಿಲೋಗ್ರಾಮಿನಷ್ಟು ಒತ್ತಿದರೆ 33 ಚದರ ಸೆಂಟಿಮೀಟರಿನ ಪಿಸ್ಟನ್ನಿನ ಮೇಲೆ ಮೂರು ಟನ್ನಿಗೂ ಹೆಚ್ಚು ಬಲ! ಆದರೆ ನಮ್ಮದರಲ್ಲಿ ಹೊರದಾರಿ ತೆರೆದಿತ್ತಷ್ಟೆ. ಗ್ರೀಸೆಲ್ಲ ಸೈಲೆನ್ಸರಿಗೆ ಹೋಗುತ್ತಿತ್ತು.

ಮೂರನೆಯ ವಾರದ ಕೊನೆಗೆ ಹಿಂದಿನ ಚಕ್ರವನ್ನು ಹಿಡಿದು ಮೆಲ್ಲನೆ ಹಿಂದಕ್ಕೂ ಮುಂದಕ್ಕೂ ಒತ್ತಿದೆವು. ಈ ಕೆಲಸಕ್ಕೆ ಯಾವ ಗಿಯರಿನಲ್ಲಿಡಬೇಕೆಂದು ನಮಗೆ ನೆರವಾಗುತ್ತಿದ್ದ ಇಬ್ಬರು ವಿದ್ಯಾರ್ಥಿಗಳನ್ನು ಕೇಳಿದರೆ ಇಬ್ಬರೂ ಮೊದಲನೆಯದು ಎಂದರು. ಅದು ತಪ್ಪು. ಮೊದಲನೆಯ ಗಿಯರಿನಲ್ಲಿ ಎಂಜಿನ್ನು ಹಲವು ಸುತ್ತು ತಿರುಗಿದರೆ ಚಕ್ರ ಒಂದು ಸುತ್ತು ತಿರುಗುತ್ತದೆ. ಎಂಜಿನ್ನಿನ ಬಲ ಚಕ್ರದಲ್ಲಿ ಹೆಚ್ಚುತ್ತದೆ. ನಾವು ಚಕ್ರದಿಂದ ಎಂಜಿನ್ನಿಗೆ ಬಲ ಕಳಿಸಬೇಕಾದಾಗ ಅದೇ ಅನುಪಾತ ನಮ್ಮ ವಿರುದ್ಧ ನಿಲ್ಲುತ್ತದೆ. ಆದುದರಿಂದ ಅತ್ಯಂತ ಮೇಲಿನ ಗಿಯರೇ ಸರಿ. ಹಾಗೆ ಹತ್ತಿಪ್ಪತ್ತು ಸಲ ಅಲುಗಿಸಿದ ಮೇಲೆ ಒಳಗಿನಿಂದ “ಚಟ್” ಎಂಬ ಸದ್ದು ಬಂತು. ಚಕ್ರ ಅರ್ಧ ಅಂಗುಲ ಹೊರಳಿತು.

ಇನ್ನು ಸಿಲಿಂಡರನ್ನು ಎತ್ತಿ, ತೊಳೆದು, ಹೊಳೆಯಿಸುವುದಷ್ಟೆ ಎಂದು ಹೊಸಬರು ಅವಸರಪಡುತ್ತಾರೆ. ಇಲ್ಲಿಯೇ ತಡೆಯಬೇಕಾದುದು. ಬಿಚ್ಚಿದ ಎಂಜಿನ್ನಿನ ಮಸಿ, ಗೀರು, ಬಣ್ಣ ಒಂದೊಂದೂ ಒಂದು ಬರವಣಿಗೆ. ತೊಳೆದರೆ ಅಳಿಸಿಹೋಗುತ್ತದೆ. ನಾವು ಮೊದಲು ಎಲ್ಲವನ್ನೂ ಬಿಚ್ಚಿದ ಕ್ರಮದಲ್ಲೇ ಒಂದು ಬಿಳಿಯ ಪಂಚೆಯ ಮೇಲೆ ಹರಡಿ, ಬರೆದುಕೊಂಡು, ಚಿತ್ರ ತೆಗೆದ ಮೇಲೆಯೇ ಕುಂಚವನ್ನು ಮುಟ್ಟುತ್ತೇವೆ. ತೊಳೆಯುವುದಕ್ಕೂ ಸೀಮೆಎಣ್ಣೆಯೇ ಹೊರತು ಪೆಟ್ರೋಲಲ್ಲ. ಅದರ ಆವಿ ನೆಲದ ಮೇಲೆ ಹರಿದು ಹೋಗಿ ದೂರದ ಕಿಡಿಗೂ ಹತ್ತಿಕೊಳ್ಳುತ್ತದೆ. ಹಳೆಯ ಕ್ಲಚ್ಚಿನ ಬಿಲ್ಲೆಗಳಲ್ಲೂ ಬ್ರೇಕಿನ ಪಟ್ಟಿಗಳಲ್ಲೂ ಕಲ್ನಾರು ಇರಬಹುದಾದ್ದರಿಂದ ಅವುಗಳ ಧೂಳನ್ನು ಊದಬಾರದು, ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಬೇಕು.

ಪಿಸ್ಟನ್ನಿನ ನೆತ್ತಿಯ ಮಸಿಯನ್ನು ಬಿದಿರಿನ ಚಕ್ಕೆಯಿಂದ ಕೆರೆದಾಗ ಅಂಕಿಗಳು ಕಂಡುವು: 65.50. ಎಂಜಿನ್ನು ಹುಟ್ಟಿದಾಗ ಇದ್ದುದು 65. ಎಂದರೆ ಈ ಸಿಲಿಂಡರನ್ನು ಹಿಂದೆ ಒಂದು ಅಥವಾ ಎರಡು ಸಲ ಬೋರು ಮಾಡಿಸಿ, ಅರ್ಧ ಮಿಲಿಮೀಟರು ದೊಡ್ಡದು ಮಾಡಿ, ದೊಡ್ಡ ಪಿಸ್ಟನ್ನು ಹಾಕಿದ್ದರು. (ಲೆಕ್ಕ ಹಾಕಿದರೆ ಎಂಜಿನ್ನಿನ ಗಾತ್ರ ಸುಮಾರು 4 ಘನ ಸೆಂಟಿಮೀಟರು ಬೆಳೆದಿತ್ತು. ಸವೆದು ಸವೆದು ದೊಡ್ಡದಾಗುವ ವಸ್ತುಗಳು ಲೋಕದಲ್ಲಿ ಹೆಚ್ಚಿಲ್ಲ.) ಪಿಸ್ಟನ್ನಿನ ಮುಂಬದಿಯಲ್ಲಿ, ಹೊರದಾರಿಯ ಎದುರಿಗೆ, ಉದ್ದುದ್ದನೆಯ ಗೀರುಗಳಿದ್ದುವು. ಬಿಸಿ ಹೊಗೆ ಹೊರಡುವ ಆ ಕಡೆಯೇ ಪಿಸ್ಟನ್ನು ಅತಿ ಹೆಚ್ಚು ಕಾಯುವುದು. ಅಲ್ಲಿಯೇ ಅದು ಹಿಗ್ಗಿ ಗೋಡೆಯನ್ನು ಉಜ್ಜುವುದು. ಭಾರ ಹೇರಿ, ಏರಿನಲ್ಲಿ, ಗಾಳಿ ಸಾಲದಷ್ಟು ಮೆಲ್ಲನೆ ಓಡಿಸಿದ ಎಂಜಿನ್ನಿನ ಗುರುತಿದು. ಮಾಲಿಕರಿಗೆ ಹೇಳಿದಾಗ ಅವರು ನಕ್ಕು, ಗೂಡಿನ ಮೂಟೆಯ ಜತೆ ತಮ್ಮನ್ನೂ ತಮ್ಮ ಅಣ್ಣನನ್ನೂ ತಂದೆ ಕೂರಿಸಿಕೊಳ್ಳುತ್ತಿದ್ದರೆಂದೂ, ದಾರಿಯ ದಿಣ್ಣೆಯಲ್ಲಿ ಗಾಡಿ ಒಮ್ಮೆ ತಾನಾಗಿ ನಿಂತು ಅರ್ಧ ಗಂಟೆ ತಣಿದ ಮೇಲೆ ಹೊರಟಿತೆಂದೂ ಹೇಳಿದರು. ಆ ಅರ್ಧ ಗಂಟೆ ಪಿಸ್ಟನ್ನಿನ ಮೇಲೆ ಬರೆದಿತ್ತು.

ಇನ್ನು ಸಿಲಿಂಡರಿನ ಸವೆತ. ಇದು ಎಲ್ಲೆಡೆ ಸಮನಾಗಿ ಆಗುವುದಿಲ್ಲ. ಎಂಜಿನ್ನು ನಿಮಿಷಕ್ಕೆ 4750 ಸುತ್ತು ತಿರುಗುವಾಗ (ಅದರ 12 ಅಶ್ವಶಕ್ತಿ ದೊರೆಯುವುದು ಈ ವೇಗದಲ್ಲಿ) ಪಿಸ್ಟನ್ನಿನ ಸರಾಸರಿ ವೇಗ ಸೆಕೆಂಡಿಗೆ ಸುಮಾರು 12 ಮೀಟರು. ಆದರೂ ಅದು ಸೆಕೆಂಡಿಗೆ 158 ಸಲ ಪೂರ್ತಿ ನಿಲ್ಲುತ್ತದೆ: ಪ್ರತಿ ಸುತ್ತಿನಲ್ಲಿ ಮೇಲೊಮ್ಮೆ, ಕೆಳಗೊಮ್ಮೆ. ಓಡುವಾಗ ರಿಂಗು ಎಣ್ಣೆಯ ತೆಳುಪೊರೆಯ ಮೇಲೆ, ದೋಣಿ ನೀರಿನ ಮೇಲೆ ಸರಿದಂತೆ, ತೇಲುತ್ತದೆ. ನಿಂತ ಕ್ಷಣದಲ್ಲಿ ಪೊರೆ ಹರಿದು ಲೋಹ ಲೋಹವನ್ನು ಮುಟ್ಟುತ್ತದೆ. ಮೇಲಿನ ಕೊನೆಯಲ್ಲಿಯೇ ಅನಿಲದ ಒತ್ತಡವೂ ಹೆಚ್ಚು, ಶಾಖವೂ ಹೆಚ್ಚು, ಎಣ್ಣೆಯೂ ತೆಳು. ಹೀಗಾಗಿ ಸಿಲಿಂಡರು ಮೇಲ್ಭಾಗದಲ್ಲಿ ಹೆಚ್ಚಾಗಿ ಸವೆಯುತ್ತದೆ; ರಿಂಗು ಎಂದೂ ಮುಟ್ಟದ ತೀರ ಕೆಳ ಅಂಚು ಬೋರು ಮಾಡಿದ ದಿನದಂತೆಯೇ ಉಳಿಯುತ್ತದೆ. ದಂಡ ಓರೆಯಾಗಿ ತಳ್ಳುವುದರಿಂದ ಹಿಂದು ಮುಂದಿನ ಗೋಡೆಗಳು ಎಡಬಲದವಕ್ಕಿಂತ ಹೆಚ್ಚು ಸವೆದು, ದುಂಡಗಿದ್ದುದು ಸ್ವಲ್ಪ ಅಂಡಾಕಾರವಾಗುತ್ತದೆ.

ಇದನ್ನು ಅಳೆಯಲು ಬೆಲೆಬಾಳುವ ಉಪಕರಣಗಳಿವೆ. ವಿದ್ಯಾರ್ಥಿಗಳಿಗಾಗಿ ನಾವು ಕೆಲವೇ ರೂಪಾಯಿಗಳ ಫೀಲರ್ ಗೇಜಿನಿಂದ ಮಾಡಿಸುವ ಪ್ರಯೋಗವನ್ನು ಹೇಳುತ್ತೇವೆ. ಪಿಸ್ಟನ್ನಿನ ರಿಂಗು ಪೂರ್ತಿ ಬಳೆಯಲ್ಲ; ಒಂದೆಡೆ ಸೀಳಿದೆ. ಹೊಸ ರಿಂಗೊಂದನ್ನು ಸಿಲಿಂಡರಿನೊಳಗೆ ಇಟ್ಟು, ಸೀಳಿನ ಎರಡು ತುದಿಗಳ ನಡುವಿನ ಸಂದನ್ನು ಅಳೆಯಿರಿ. ಸಿಲಿಂಡರಿನ ವ್ಯಾಸ ಹೆಚ್ಚಿದರೆ ಪರಿಧಿ ಅದರ 3.14ರಷ್ಟು ಹೆಚ್ಚುತ್ತದೆಂಬುದು ಎಲ್ಲರೂ ಬಲ್ಲದ್ದು. ಆ ಹೆಚ್ಚಳವೆಲ್ಲ ಸೀಳಿನಲ್ಲಿ ಕಾಣಿಸಿಕೊಳ್ಳಬೇಕು. ಹೀಗೆ ಕಣ್ಣಿಗೆ ಕಾಣದ ಸವೆತ ಮೂರು ಪಾಲಿಗೂ ಮಿಕ್ಕು ದೊಡ್ಡದಾಗಿ ನಮ್ಮ ಮುಂದೆ ನಿಲ್ಲುತ್ತದೆ. ನಮ್ಮ ಸಿಲಿಂಡರಿನ ಕೆಳ ಅಂಚಿನಲ್ಲಿ ಸಂದು 0.30 ಮಿಲಿಮೀಟರಿತ್ತು. ಮೇಲ್ಭಾಗದಲ್ಲಿ ಒಬ್ಬ ವಿದ್ಯಾರ್ಥಿಗೆ 0.55, ಇನ್ನೊಬ್ಬನಿಗೆ 0.70 ಬಂತು. ಎರಡನೆಯವನು ರಿಂಗನ್ನು ಬೆರಳಿನಿಂದ ಒತ್ತಿದ್ದನು. ಅದು ಓರೆಯಾಗಿ ಕೂತಿತ್ತು. ಓರೆಯಾದ ರಿಂಗು ವೃತ್ತದ ಬದಲು ಅದಕ್ಕಿಂತ ದೊಡ್ಡದಾದ ದೀರ್ಘವೃತ್ತವನ್ನು ಹಿಡಿಯುವುದರಿಂದ ಸಂದು ಹೆಚ್ಚು ತೋರುತ್ತದೆ. ಪಿಸ್ಟನ್ನನ್ನು ತಲೆಕೆಳಗು ಮಾಡಿ ಅದರ ನೆತ್ತಿಯಿಂದಲೇ ರಿಂಗನ್ನು ತಳ್ಳಿದರೆ ಮಟ್ಟಸವಾಗಿ ಕೂರುತ್ತದೆ. ಹಾಗೆ ಮಾಡಿದಾಗ ಇಬ್ಬರ ಉತ್ತರವೂ 0.55. ವ್ಯತ್ಯಾಸ 0.25, ಅದನ್ನು 3.14ರಿಂದ ಭಾಗಿಸಿದರೆ 0.08. ಸಿಲಿಂಡರು ಮೇಲ್ಭಾಗದಲ್ಲಿ ಸರಾಸರಿ 0.08 ಮಿಲಿಮೀಟರು ಅಗಲವಾಗಿತ್ತು.

ಮೈಕ್ರೋಮೀಟರಿನಲ್ಲಿ ಪಿಸ್ಟನ್ನು ಕೆಳಭಾಗದಲ್ಲಿ 65.42 ತೋರಿತು. ಇಂಥ ಎಂಜಿನ್ನಿನಲ್ಲಿ ಪಿಸ್ಟನ್ನಿಗೂ ಗೋಡೆಗೂ ನಡುವೆ ಮಿಲಿಮೀಟರಿನ ನೂರರಲ್ಲಿ ಆರೇಳು ಭಾಗ ಅಂತರ ಬಿಡುವುದು ವಾಡಿಕೆ. ಹಿಂದೆ ಲೆಕ್ಕ ಹಾಕಿದ ಹಿಗ್ಗುವಿಕೆಯ ವ್ಯತ್ಯಾಸಕ್ಕೆ ಎಡೆಗೊಡಲೆಂದೇ ಈ ಅಂತರ. ನಮ್ಮದರಲ್ಲಿ ಅದು ಕೆಳಗೆ 0.08, ಮೇಲೆ 0.16.

ಈಗ ಏನು ಮಾಡಬೇಕು? ಬೆಂಗಳೂರಿನಲ್ಲಿ ನಾವು ಕೇಳಿದ ನುರಿತ ಕೆಲಸಗಾರರೊಬ್ಬರು ಎರಡನೆಯ ಮಾತಿಲ್ಲದೆ, “ಬೋರು ಮಾಡಿಸಿಬಿಡಿ ಸಾರ್, 65.75ಕ್ಕೆ” ಎಂದರು. ಅದು ಕೆಟ್ಟ ಸಲಹೆಯಲ್ಲ. ದಿನವೂ ಓಡುವ ವಾಹನವಾಗಿದ್ದರೆ ನಾವೂ ಅದನ್ನೇ ಮಾಡುತ್ತಿದ್ದೆವು. ಮಾಲಿಕರೂ, “ಬೋರ್ ಮಾಡಿಸಿದ್ರೆ ಹೊಸದರಂಗೆ ಆಗ್ತದಾ ಮೇಷ್ಟ್ರೇ?” ಎಂದು ಕೇಳಿದರು. ಆಗುತ್ತದೆ ಎಂದೆವು. ಆದರೆ ಕೊರೆದ ಕಬ್ಬಿಣ ಮರಳಿ ಬರುವುದಿಲ್ಲ. ಸವೆತವಿರುವುದು ಒಂದು ಅಂಗುಲದ ಪಟ್ಟಿಯಲ್ಲಿ. ಬೋರು ಮಾಡುವಾಗ ಸವೆಯದ ಭಾಗವನ್ನೂ ಅದರೊಡನೆ ಕಳೆಯುತ್ತೇವೆ. ನಮಗೆ ಅಂಗಡಿಗಳಲ್ಲಿ ದೊರೆತ ಪಿಸ್ಟನ್ನುಗಳಲ್ಲಿ ಅತಿ ದೊಡ್ಡದು 66. ಎಂದರೆ ಈ ಸಿಲಿಂಡರಿಗೆ ಉಳಿದಿರುವುದು 65.75, 66 ಎಂಬ ಎರಡೇ ಮೆಟ್ಟಿಲು. ಆಮೇಲೆ ಒಳಗೆ ಬೇರೊಂದು ಕೊಳವೆಯನ್ನು ಬಡಿದು ಕೂರಿಸಬಹುದು, ನಿಜ. ಆಗ ಪಿಸ್ಟನ್ನು ಓಡಾಡುವುದು ಯಾದವಗಿರಿಯ ಕಬ್ಬಿಣದ ಮೇಲಲ್ಲ. ಇಂಥ ಹಟವನ್ನು ಕೆಲವರು ಹುಚ್ಚೆನ್ನುತ್ತಾರೆ. ಶ್ರೀರಂಗಪಟ್ಟಣದ ಸಮೀಪದ ‘ಪಯಣ’ ಸಂಗ್ರಹಾಲಯದಲ್ಲಿ ಸಾಲಾಗಿ ನಿಂತ ಹಳೆಯ ಕಾರುಗಳನ್ನು ನೋಡಿದವರಿಗೆ ಹೊರಗಿನ ಬಣ್ಣದ ಬೆಡಗು ಕಣ್ಣಿಗೆ ಬೀಳುತ್ತದೆ. ಎಂಜಿನ್ನಿನ ಒಳಗೆ ಮೂಲದ್ದೆಷ್ಟು ಉಳಿದಿದೆಯೆಂದು ಕೇಳುವವರು ಅಪರೂಪ.

ವರ್ಷಕ್ಕೆ ಹತ್ತೋ ಹನ್ನೆರಡೋ ಸಲ, ಊರ ಸುತ್ತ ಓಡಬೇಕಾದ ವಾಹನಕ್ಕೆ ಒಂದು ಮೆಟ್ಟಿಲನ್ನು ಈಗಲೇ ಖರ್ಚು ಮಾಡಬೇಕೆ? ಬೇಡವೆಂದು ನಿಶ್ಚಯಿಸಿದೆವು. ಹೊರದಾರಿಯ ಮಟ್ಟದಲ್ಲಿ ತುಕ್ಕು ಕಚ್ಚಿದ ಗುಳಿಗಳ ಒಂದು ವರ್ತುಲವಿತ್ತು. ಗುಳಿಗಳಿಗೆ ನಾವು ಹೆದರಲಿಲ್ಲ. ರಿಂಗು ಅವುಗಳ ಮೇಲೆ ಹಾಯ್ದುಹೋಗುತ್ತದೆ, ಅವು ಒಂದಿಷ್ಟು ಎಣ್ಣೆಯನ್ನೂ ಹಿಡಿದುಕೊಳ್ಳುತ್ತವೆ. ಹೆದರಬೇಕಾದುದು ಉಬ್ಬಿಗೆ, ಅದು ರಿಂಗನ್ನು ಅರದಂತೆ ತೇಯುತ್ತದೆ. ಸಾಣೆಕಲ್ಲಿನ ಹೋನಿನಿಂದ ಉಬ್ಬನ್ನಷ್ಟೆ ಸವರಿ, ಗೋಡೆಗೆ ಎಣ್ಣೆ ನಿಲ್ಲುವಂತೆ ಅಡ್ಡಡ್ಡ ಸಣ್ಣ ಗೀರುಗಳನ್ನು ಎಳೆದೆವು. ಪಿಸ್ಟನ್ನಿನ ಗೀರುಗಳ ಏಣುಗಳನ್ನು ನುಣುಪುಗೊಳಿಸಿ, ಅದಕ್ಕೇ ಹೊಸ ರಿಂಗುಗಳನ್ನು ಹಾಕಿದೆವು. ತಣ್ಣಗಿರುವಾಗ ಪಿಸ್ಟನ್ನು ಸ್ವಲ್ಪ ಬಡಿದುಕೊಳ್ಳುವುದೆಂದೂ, ಆ ಸದ್ದು ಬಿಸಿಯಾದ ಮೇಲೂ ನಿಲ್ಲದೆ ಬೆಳೆಯುತ್ತ ಹೋದರೆ ಬೋರು ಮಾಡಿಸಲೇಬೇಕೆಂದೂ ಮಾಲಿಕರಿಗೆ ಮೊದಲೇ ತಿಳಿಸಿದೆವು. ನಮ್ಮ ತೀರ್ಮಾನ ತಪ್ಪಾದರೂ ತಿದ್ದಿಕೊಳ್ಳಲು ಲೋಹ ಉಳಿದಿರುತ್ತದೆ. ಬೋರು ಮಾಡಿದ ತಪ್ಪನ್ನು ತಿದ್ದಲಾಗದು.

ಉಳಿದ ಕೆಲಸಗಳನ್ನು ಚುಟುಕಾಗಿ ಹೇಳುತ್ತೇವೆ. ಕ್ರ್ಯಾಂಕಿನ ಎರಡು ಬದಿಯ ರಬ್ಬರು ಸೀಲುಗಳು ಕಲ್ಲಿನಂತೆ ಗಟ್ಟಿಯಾಗಿದ್ದುವು. ಕ್ರ್ಯಾಂಕು ಕೋಣೆಯೇ ಪಂಪಾಗಿರುವ ಎಂಜಿನ್ನಿನಲ್ಲಿ ಇವು ಸೋರಿದರೆ ಹೊರಗಿನ ಗಾಳಿ ಒಳಸೇರಿ, ಮಿಶ್ರಣದಲ್ಲಿ ಪೆಟ್ರೋಲೂ ಅದರೊಡನಿರುವ ಎಣ್ಣೆಯೂ ಕಡಿಮೆಯಾಗಿ, ಪಿಸ್ಟನ್ನು ಕಾದು ಹಿಡಿದುಕೊಳ್ಳುತ್ತದೆ. ಸಿಲಿಂಡರಿಗೆ ತಿಂಗಳು ದುಡಿದು ಸೀಲಿಗೆ ಜಿಪುಣತನ ಮಾಡುವವರನ್ನು ನಾವು ಕಂಡಿದ್ದೇವೆ. ಕಿಡಿಯ ಪಾಯಿಂಟುಗಳನ್ನು ಉಜ್ಜಿ 0.4 ಮಿಲಿಮೀಟರು ಅಂತರಕ್ಕೆ ಕೂರಿಸಿದೆವು. ಪಿಸ್ಟನ್ನು ಮೇಲಿನ ಕೊನೆಯನ್ನು ಮುಟ್ಟಲು ಇನ್ನೂ ಮೂರು, ಮೂರೂವರೆ ಮಿಲಿಮೀಟರು ಇರುವಾಗಲೇ ಕಿಡಿ ಹಾರಬೇಕು; ಪೂರ್ತಿ ವೇಗದಲ್ಲಿ ಒಂದು ಸುತ್ತಿಗೆ ಸೆಕೆಂಡಿನ ಎಂಬತ್ತರಲ್ಲೊಂದು ಭಾಗ ಮಾತ್ರ ಸಮಯ, ಜ್ವಾಲೆ ಹರಡಲು ಅದರಲ್ಲೇ ಒಂದಂಶ ಬೇಕು. ಟ್ಯಾಂಕಿನಲ್ಲಿ ಪೆಟ್ರೋಲು ಅಂಟಾಗಿ ಕುಳಿತಿತ್ತು. ಈಗ ದೊರೆಯುವ ಪೆಟ್ರೋಲಿನಲ್ಲಿ ಶೇಕಡ 20ರವರೆಗೆ ಎಥನಾಲ್ ಬೆರೆತಿರುತ್ತದೆ. ಅದು ಗಾಳಿಯ ತೇವವನ್ನು ಹೀರುತ್ತದೆ, ಹಳೆಯ ರಬ್ಬರನ್ನು ಕೆಡಿಸುತ್ತದೆ. ಓಡಿಸದೆ ನಿಲ್ಲಿಸುವ ವಾಹನದ ಟ್ಯಾಂಕನ್ನೂ ಕಾರ್ಬ್ಯುರೇಟರನ್ನೂ ಬರಿದು ಮಾಡಿಡುವುದು ಒಳ್ಳೆಯದು. ಸೈಲೆನ್ಸರುಗಳ ಮಸಿಯನ್ನು ಕಾಸ್ಟಿಕ್ ಸೋಡಾದ ನೀರಿನಲ್ಲಿ ನೆನೆಸಿ ತೆಗೆದೆವು. ಈ ನೀರು ಅಲ್ಯುಮಿನಿಯಮನ್ನು ತಿಂದುಹಾಕುತ್ತದೆ, ಕಣ್ಣಿಗೆ ಬಿದ್ದರೆ ಕಣ್ಣೇ ಹೋದೀತು. ಕನ್ನಡಕ, ಕೈಚೀಲಗಳಿಲ್ಲದೆ ಯಾರೂ ಮುಟ್ಟಬಾರದು.

ಎಂಜಿನ್ನನ್ನು ಹುಳುಮನೆಯೊಳಗೆ ಚಾಲೂ ಮಾಡಲಿಲ್ಲ. ಮುಚ್ಚಿದ ಕೋಣೆಯಲ್ಲಿ ಹೊಗೆಯ ಇಂಗಾಲದ ಮಾನಾಕ್ಸೈಡು ವಾಸನೆಯಿಲ್ಲದೆ ಕೊಲ್ಲುತ್ತದೆ. ವಾಹನವನ್ನು ಮಾಲಿಕರ ಮನೆಯಂಗಳಕ್ಕೇ ಒಯ್ದು, ಲೀಟರು ಪೆಟ್ರೋಲಿಗೆ 40 ಮಿಲಿಲೀಟರು ಎಣ್ಣೆ ಬೆರೆಸಿ ಹಾಕಿದೆವು. ಜಾವಾದಲ್ಲಿ ಕಿಕ್ಕಿನ ಸನ್ನೆಯೂ ಗಿಯರಿನ ಸನ್ನೆಯೂ ಒಂದೇ. ಮೇಲಕ್ಕೆ ತಿರುಗಿಸಿ ಒದೆಯಬೇಕು. ಮಾಲಿಕರು ಒದ್ದರು. ಏಳನೆಯ ಒದೆತಕ್ಕೆ ಎಂಜಿನ್ನು ಕೆಮ್ಮಿತು, ಒಂಬತ್ತನೆಯದಕ್ಕೆ ಹೊತ್ತಿಕೊಂಡಿತು. ಅಂಗಳವೆಲ್ಲ ನೀಲಿ ಹೊಗೆ. ಪಿಸ್ಟನ್ನಿನ ಬಡಿತ ಮೊದಮೊದಲು ಸ್ಪಷ್ಟವಾಗಿ ಕೇಳಿಸಿತು. ಐದು ನಿಮಿಷದಲ್ಲಿ ಅಲ್ಯುಮಿನಿಯಂ ಹಿಗ್ಗಿದಂತೆಲ್ಲ ಕ್ಷೀಣಿಸುತ್ತ ಬಂದು ಹೊಗೆಯ ಸದ್ದಿನಲ್ಲಿ ಅಡಗಿತು. ನಾವು ನಿಟ್ಟುಸಿರು ಬಿಟ್ಟೆವು.

ಜಗುಲಿಯ ಮೇಲೆ ಕುಳಿತಿದ್ದ ಮುದುಕಿ ಮಾತ್ರ ತಲೆಯಾಡಿಸಿದರು. “ಇದು ಅವರ ಗಾಡಿ ಸದ್ದಲ್ಲ ಕಣಪ್ಪ. ತೋಪಿನ ತಿರುವಿಗೆ ಬರೋವಾಗ್ಲೇ ನಂಗೆ ಗೊತ್ತಾಗೋದು. ಹಿಂಗೆ ಒಡಕೊಡಕು ಇರ್ತಿರಲಿಲ್ಲ.”

ಮಗ ನಮ್ಮ ಮುಖ ನೋಡಿದರು. ವಯಸ್ಸಾದವರ ಕಿವಿ, ಮೂವತ್ತು ವರ್ಷದ ಹಿಂದಿನ ನೆನಪು ಎಂದು ನಾವು ಸಮಾಧಾನ ಹೇಳಿಕೊಂಡೆವಾದರೂ ಮನಸ್ಸಿನಲ್ಲಿ ಮಾತು ಕೊರೆಯುತ್ತಿತ್ತು. ಒಂದೇ ಸಿಲಿಂಡರಿನ ಈ ಎಂಜಿನ್ನಿಗೆ ಎರಡು ಸೈಲೆನ್ಸರುಗಳು. ಸುತ್ತಿಗೊಂದರಂತೆ ಹೊರಬೀಳುವ ಒತ್ತಡದ ಅಲೆ ಎರಡಾಗಿ ಒಡೆದು ಅವುಗಳೊಳಗೆ ಹಾಯುತ್ತದೆ. ಒಳಗಿನ ರಂಧ್ರದ ಕೊಳವೆಗಳು ಆ ಅಲೆಯ ಏಟನ್ನು ಮುರಿದು ಸದ್ದನ್ನು ಮೆತ್ತಗೆ ಮಾಡುತ್ತವೆ. ಕತ್ತಲಾದ ಮೇಲೆ ಮನೆಗೆ ಬಂದು ಹುಳುಮನೆಯ ದೀಪ ಹಾಕಿದೆವು. ಚಂದ್ರಿಕೆಯ ಮೊಳೆಯಲ್ಲಿ, ಕಾಸ್ಟಿಕ್ಕಿನಲ್ಲಿ ತೊಳೆದು ಒಣಗಲು ತೂಗುಹಾಕಿದ್ದ ಎಡಗಡೆಯ ಸೈಲೆನ್ಸರಿನ ಒಳಗೊಳವೆ ಇನ್ನೂ ಅಲ್ಲೇ ಇತ್ತು. ಮರುದಿನ ಬೆಳಗ್ಗೆ ಅದನ್ನು ಕೈಚೀಲದಲ್ಲಿಟ್ಟುಕೊಂಡು ಮೊದಲ ಬಸ್ಸಿನಲ್ಲಿ ಆ ಹಳ್ಳಿಗೆ ಹೋದೆವು.